ಅಧ್ಯಕ್ಷರು ನೇರ ಮಾಡಿದ ಬೀಡಿಂಗು

ಬೀಡಿಂಗಕ್ಕನಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ಎರಡು ವರ್ಷ ನಂಬಿಕೊಂಡಿದ್ದೆ. ಕಾರುಗಳಿಗೆ ಗಾಜು ಹಾಕುವ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಳಿದರೆ ಸಾಕು, ಶೆಡ್ಡಿನ ಬಾಗಿಲಲ್ಲಿ ನಿಂತ ಆ ಹೆಂಗಸಿನ ಮುಖ ಒಡೆದ ಹಾಲು ಮೂಸಿದಂತೆ ಸಿಂಡರಿಸಿಕೊಳ್ಳುತ್ತಿತ್ತು. ಮೊದಲು ಸೋಪು ಬದಲಾಯಿಸಿದೆ. ಆಮೇಲೆ ತಲೆಗೆ ಹಚ್ಚುವ ಎಣ್ಣೆ. ಹೆಂಡತಿಯ ಮುಂದೆ ಬಾಯಿ ಊದಿ ತೋರಿಸಿದೆ. ಇದ್ದ ವಾಸನೆಯೇ ಇದೆ, ಹೊಸದೇನಿಲ್ಲ ಎಂದಳು. ಕೊನೆಗೆ ಅಕ್ಕನ ತಮ್ಮ ನಗುತ್ತ ಹೇಳಿದಾಗಲೇ ಗೊತ್ತಾದದ್ದು: ಅವರು ನನ್ನನ್ನು ಒಮ್ಮೆಯೂ ನೋಡಿರಲೇ ಇಲ್ಲ. ನೋಡುತ್ತಿದ್ದದ್ದು ನನ್ನ ಭುಜದಾಚೆ, ಕಾರಿನ ಮುಂದಿನ ಗಾಜಿನ ಅಂಚನ್ನು. ಅಲ್ಲಿ ಯಾವನೋ ಪುಣ್ಯಾತ್ಮ ಬೀಡಿಂಗಿನ ಜಾಗದಲ್ಲಿ ಕಪ್ಪು ಟೇಪು ಅಂಟಿಸಿದ್ದ. ಆ ಪುಣ್ಯಾತ್ಮ ನಾನೇ ಎಂದು ಹೇಳುವ ಧೈರ್ಯ ಈವರೆಗೂ ಬಂದಿಲ್ಲ.

ಬೀಡಿಂಗ್ ಎಂದರೆ ಹಳೆಯ ಕಾರುಗಳ ಮುಂದಿನ ಗಾಜಿನ ಸುತ್ತ ಚೌಕಟ್ಟಿನಂತೆ ಹೊಳೆಯುವ ಸ್ಟೀಲಿನ ಪಟ್ಟಿ. ಮೇಲೊಂದು, ಕೆಳಗೊಂದು, ಪಕ್ಕಕ್ಕೆ ಎರಡು. ನೋಡುವವರಿಗೆ ಅದು ಒಡವೆ. ಅಕ್ಕನಿಗೆ ಅದು ಮುಚ್ಚಳ. ಗಾಜಿಗೂ ಕಾರಿನ ಮೈಗೂ ನಡುವಿನ ಸಂದನ್ನು ಮುಚ್ಚುವ ಆ ಪಟ್ಟಿಯನ್ನು ಎತ್ತಿ, ಕೆಳಗೆ ಏನಿದೆ ಎಂದು ನೋಡುವುದರಲ್ಲೇ ಅವರ ಇಪ್ಪತ್ತೊಂಬತ್ತು ವರ್ಷ ಕಳೆದಿತ್ತು. ಕೊಳೆತ ಎಲೆ, ಸತ್ತ ಜಿರಲೆ, ಲೋಳೆಗಟ್ಟಿದ ಧೂಳು, ಕೂದಲಿನ ಉಂಡೆ, ಒಮ್ಮೆ ಯಾರದೋ ಕಟ್ಟುಹಲ್ಲಿನ ಅರ್ಧ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಗಾದೆಯನ್ನು ಮಿಕ್ಕವರು ಬಾಯಲ್ಲಿ ಹೇಳುತ್ತಾರೆ. ಅಕ್ಕ ಅದನ್ನು ಉಗುರಿನಲ್ಲಿ ಕೆರೆದು ತೆಗೆದವರು. ದಿನವೂ ಅದನ್ನೇ ಮಾಡಿದರೆ ಮುಖವೂ ಒಂದು ಅಭ್ಯಾಸಕ್ಕೆ ಬಿದ್ದುಬಿಡುತ್ತದೆ. ಮೂಗಿನ ಎಡಗಡೆ ಒಂದು ಸುಕ್ಕು ನಿಂತೇ ಹೋಗಿತ್ತು. ಮದುವೆಮನೆಯ ಫೋಟೋಗಳಲ್ಲೂ ಅವರು ಊಟ ಹಳಸಿದೆ ಎಂದು ಹೇಳಲು ಬಂದವರಂತೆ ಕಾಣುತ್ತಿದ್ದರು.

ಅಂಗಡಿ ಅಪ್ಪನದು. ಅಪ್ಪನ ಬೆರಳುಗಳು ಬಾಳೆಕಾಯಿ ಗಾತ್ರದವು. ಬೀಡಿಂಗಿನ ಕೆಳಗೆ ಅಡಗಿ ಕೂರುವ ಕ್ಲಿಪ್ಪುಗಳು ಅವಕ್ಕೆ ಸಿಗುತ್ತಿರಲಿಲ್ಲ. ಮದುವೆಯಾಗಿದ್ದ ಮಗಳು ಒಂದು ಮಧ್ಯಾಹ್ನ ಅಪ್ಪನಿಗೆ ಊಟ ತಂದುಕೊಟ್ಟು, ಅವರ ಒದ್ದಾಟ ನೋಡಲಾರದೆ ಕೈ ಹಾಕಿದ್ದೇ ಶುರು. ಊಟದ ಡಬ್ಬಿ ಸಂಜೆಯವರೆಗೂ ತೆರೆಯಲಿಲ್ಲ. ಆ ಕೆಲಸಕ್ಕೆ ಅಕ್ಕ ಮಾಡಿಕೊಂಡ ಸಲಕರಣೆ ಹಳೇ ಹಲ್ಲುಜ್ಜುವ ಬ್ರಷ್ಷಿನ ಹಿಡಿ, ತುದಿಯನ್ನು ಉಜ್ಜಿ ಕೊಕ್ಕೆಯಂತೆ ಮಾಡಿದ್ದು. ಸ್ಕ್ರೂಡ್ರೈವರ್ ಹಾಕಿದರೆ ಪಟ್ಟಿಗೆ ಗೀರು ಬೀಳುತ್ತದೆ. ಬ್ರಷ್ಷಿನ ಹಿಡಿ ಮೆತ್ತಗೆ ಒಳಗೆ ಹೋಗಿ, ಕ್ಲಿಪ್ಪನ್ನು ಹುಡುಕಿ, ಪಕ್ಕಕ್ಕೆ ಸರಿಸುತ್ತದೆ. ಟಕ್ ಎನ್ನುತ್ತದೆ, ಪಟ್ಟಿ ತಾನಾಗಿ ಮೇಲೇಳುತ್ತದೆ. ಎಳೆಯಬಾರದು. ಎಳೆದರೆ ಮಡಿಕೆ ಬೀಳುತ್ತದೆ, ಬಿದ್ದ ಮಡಿಕೆ ಹೋಗುವುದಿಲ್ಲ. ಮನೆಯಲ್ಲಿ ಯಾರ ಬ್ರಷ್ಷಿನ ಹಿಡಿ ಚೆನ್ನಾಗಿರುತ್ತಿತ್ತೋ ಅವರಿಗೆ ಬೇಗ ಹೊಸ ಬ್ರಷ್ಷು ಬರುತ್ತಿತ್ತು. ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಇಬ್ಬರದೂ ಬೇರೆಯವರ ತಪ್ಪು ಹುಡುಕುವ ಉದ್ಯೋಗವಾದ್ದರಿಂದ ಮನೆಗೆ ಬಂದಮೇಲೆ ಒಬ್ಬರಿಗೊಬ್ಬರು ರಜೆ ಕೊಟ್ಟುಕೊಂಡು ನೆಮ್ಮದಿಯಾಗಿದ್ದರು.

ಅಪ್ಪ ಹೋದಮೇಲೆ ಅಂಗಡಿ ತಮ್ಮನ ಕೈಗೆ ಬಂತು. ತಮ್ಮ ಕೆಟ್ಟವನಲ್ಲ, ಅವಸರದವನು. ಹೊಸ ಕಾರುಗಳ ಗಾಜಿಗೆ ಬೀಡಿಂಗೂ ಇಲ್ಲ, ಕ್ಲಿಪ್ಪೂ ಇಲ್ಲ. ಅಂಟು ಹಚ್ಚು, ಒತ್ತು, ಕಳಿಸು. ಶೆಡ್ಡಿನ ಹಿಂಭಾಗದಲ್ಲಿ ಅಕ್ಕನ ಉದ್ದನೆಯ ಮೇಜು ಕಂಡರೆ ಅವನಿಗೆ ಕೈ ತುರಿಕೆ. ಅಲ್ಲಿ ಗಾಜಿಗೆ ಅಂಟಿಸುವ ಕಪ್ಪು ಹಾಳೆಯ ಕೆಲಸ ಶುರು ಮಾಡಬೇಕು, ಅಕ್ಕ ಮುಂದೆ ಕೌಂಟರಿನಲ್ಲಿ ಕೂತು ಫೋನ್ ತೆಗೆಯಬೇಕು ಎಂಬುದು ಅವನ ಆಸೆ. ಹಾಳೆಯ ಸುರುಳಿಗಳು ಆಗಲೇ ಬಂದು ಮೇಜಿನ ಅರ್ಧ ಭಾಗವನ್ನು ಹಿಡಿದಿದ್ದವು. ಫೋನ್ ಎತ್ತಿ "ನಮಸ್ಕಾರ, ನಮ್ಮಿಂದ ಏನಾಗಬೇಕಿತ್ತು?" ಎಂದು ಸಿಹಿಯಾಗಿ ಕೇಳುವ ತನ್ನನ್ನು ನೆನೆಸಿಕೊಂಡರೆ ಅಕ್ಕನಿಗೆ ಜಿರಲೆಗಳೇ ವಾಸಿ ಎನಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ಬಂದವರು ಅಧ್ಯಕ್ಷರು. ಹಳೇ ವಾಹನ ಪ್ರಿಯರ ಸಂಘಕ್ಕೆ ಅಧ್ಯಕ್ಷರು. ಸಂಘದಲ್ಲಿ ಹನ್ನೊಂದು ಜನ, ಹನ್ನೊಂದು ಕಾರು. ಇವರು ಅಧ್ಯಕ್ಷರು, ಒಂಬತ್ತು ಜನ ಉಪಾಧ್ಯಕ್ಷರು. ಉಳಿದ ಒಬ್ಬ ಸಾಮಾನ್ಯ ಸದಸ್ಯನನ್ನು ಎಲ್ಲರೂ ಸೇರಿ ಆಳುತ್ತಿದ್ದರು. ಬರುವ ಭಾನುವಾರ ಬೆಳಿಗ್ಗೆ ಹನ್ನೊಂದೂ ಕಾರುಗಳ ಮೆರವಣಿಗೆ, ಮುಂದೆ ಅಧ್ಯಕ್ಷರ ಕೆನೆಬಣ್ಣದ ಕಾರು. ಕಾರಿಗೆ ನಲವತ್ತಾರು ವರ್ಷ. ಗಾಜಿನ ಅಂಚಿನಿಂದ ಏನೋ ವಾಸನೆ ಬರುತ್ತಿದೆ, ಬೀಡಿಂಗ್ ತೆಗೆದು ಚೊಕ್ಕ ಮಾಡಿ ಹಾಕಬೇಕು ಎಂದರು. ಕೆಲಸ ಮನಸ್ಸಿಗೆ ಬಂದರೆ ಉಳಿದ ಹತ್ತು ಕಾರುಗಳೂ ಇಲ್ಲಿಗೇ ಎಂದೂ ಸೇರಿಸಿದರು. ಇದನ್ನು ಕೇಳಿದ ತಮ್ಮ, ಅಕ್ಕನನ್ನು ಪಕ್ಕಕ್ಕೆ ಕರೆದು ನೇರವಾಗಿ ಹೇಳಿದ: ಇವು ಬಂದರೆ ಮೇಜು ನಿನ್ನದು, ಸುರುಳಿಗಳನ್ನು ನಾನೇ ಹೊತ್ತು ಹಾಕುತ್ತೇನೆ. ಬರದಿದ್ದರೆ ಸೋಮವಾರದಿಂದ ಕೌಂಟರು. ಅಕ್ಕ ಆಯಿತು ಎಂದರು. ಅಧ್ಯಕ್ಷರು ಅಷ್ಟರಲ್ಲಿ ಕರ್ಚೀಫು ತೆಗೆದು ಬಾನೆಟ್ಟಿನ ಮೇಲಿನ ಹಕ್ಕಿಯ ಹಿಕ್ಕೆ ಒರೆಸಿ, ಅದನ್ನೇ ಮಡಿಸಿ ತಮ್ಮ ತುಟಿ ಒರೆಸಿಕೊಂಡರು. ಅಕ್ಕ ಬೇರೆ ಕಡೆ ನೋಡಿದರು.

"ಒಂದು ಮಾತು ತಿಳಕೊಳ್ಳಿ ಅಮ್ಮಾ," ಎಂದರು ಅಧ್ಯಕ್ಷರು. "ಈ ಕಾರಿಗೆ ಫ್ಯಾಕ್ಟರಿಯವರ ಕೈ ಬಿಟ್ಟರೆ ನನ್ನ ಕೈ ಒಂದೇ ತಾಗಿರೋದು."

ಗುರುವಾರ ಬೆಳಿಗ್ಗೆ ಅಕ್ಕ ಬ್ರಷ್ಷಿನ ಹಿಡಿ ಹಿಡಿದು ಶುರು ಮಾಡಿದರು. ಮೇಲಿನ ಪಟ್ಟಿ, ಪಕ್ಕದ ಎರಡು ಸಲೀಸಾಗಿ ಬಂದವು. ಒಂದೊಂದರ ಬೆನ್ನಿಗೂ ಚೀಟಿ ಅಂಟಿಸಿ, ಎಡ ಯಾವುದು ಬಲ ಯಾವುದು ಬರೆದು, ಮೇಜಿನ ಮೇಲೆ ಹಾಸಿದ ಕಂಬಳಿಯಲ್ಲಿ ಮಲಗಿಸಿದರು. ಕೆಳಗಿನದು ಬರಲಿಲ್ಲ. ಹಿಡಿ ಒಳಗೆ ಹೋದಲ್ಲೆಲ್ಲ ಮೆತ್ತಗೆ ಏನೋ ತಡೆಯುತ್ತಿತ್ತು, ಒಸಡಿನ ಹಾಗೆ. ಅರ್ಧ ಗಂಟೆ ಇಂಚಿಂಚು ಬಿಡಿಸಿದ ಮೇಲೆ ಪಟ್ಟಿ ಎದ್ದಿತು. ಅದರ ಜೊತೆ ಬಚ್ಚಲುಮನೆಯ ಸಂದಿಗೆ ಹಚ್ಚುವ ಸಿಲಿಕಾನ್ ಅಂಟೂ ಎದ್ದಿತು, ಹಳದಿಗಟ್ಟಿ, ಹೊಳೆಹೊಳೆಯುತ್ತ, ಗಾಜಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದದ ಜಿಗಣೆಯಂತೆ. ಅದರ ಕೆಳಗಿನಿಂದ ನಾತ ಬಂತು. ಒದ್ದೆ ಕಾಲುಚೀಲವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿ ಹತ್ತು ವರ್ಷ ಇಟ್ಟು, ಇವತ್ತು ತೆರೆದ ಹಾಗೆ. ಕಪ್ಪು ಕೆಸರು, ಅದರಲ್ಲಿ ಕರಗಿದ ಎಲೆಗಳ ನರ, ನಡುವೆ ಬೆಳಕು ಕಂಡು ಗಾಬರಿಯಾದ ಬಿಳೀ ಹುಳುಗಳು. ಕಬ್ಬಿಣದ ಅಂಚು ತುಕ್ಕು ಹಿಡಿದು, ಬೆರಳು ಇಟ್ಟರೆ ಬಿಸ್ಕತ್ತಿನಂತೆ ಉದುರುತ್ತಿತ್ತು. ಆಚೆ ಬದಿಯಲ್ಲಿ ತಿಂಡಿ ತಿನ್ನುತ್ತಿದ್ದ ತಮ್ಮ ಡಬ್ಬಿ ಮುಚ್ಚಿ ಎದ್ದುಹೋದ.

ಇಪ್ಪತ್ತೊಂಬತ್ತು ವರ್ಷದಲ್ಲಿ ಅಕ್ಕನಿಗೆ ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಜಿರಲೆ ತಾನಾಗಿ ಬರುತ್ತದೆ, ಎಲೆ ತಾನಾಗಿ ಬೀಳುತ್ತದೆ, ಅದು ಅವುಗಳ ಸ್ವಭಾವ. ಇದನ್ನು ಮನುಷ್ಯ ಕೂತು, ಪ್ರೀತಿಯಿಂದ, ಬೆರಳಲ್ಲಿ ಸವರಿ ಮಾಡಿದ್ದ. ಸವರಿದ ಬೆರಳಿನ ಗೆರೆಗಳು ಅಂಟಿನ ಮೇಲೆ ಹಾಗೇ ಇದ್ದವು.

ಸಂಜೆ ಕಾರು ನೋಡಲು ಬಂದ ಅಧ್ಯಕ್ಷರಿಗೆ ಅಕ್ಕ ಅದನ್ನು ಇಕ್ಕಳದಲ್ಲಿ ಹಿಡಿದು ತೋರಿಸಿ, ಯಾರು ಮಾಡಿದ್ದು ಎಂದು ಕೇಳಿದರು. ಅಧ್ಯಕ್ಷರ ಎದೆ ಉಬ್ಬಿತು.

"ನಾನೇ. ಮೂರು ಟ್ಯೂಬು ಹಿಡೀತು. ಆಗ ಮಳೆ ಬಂದರೆ ಕಾಲ ಹತ್ತಿರ ನೀರು ಬರ್ತಿತ್ತು. ಹಚ್ಚಿದ ಮೇಲೆ ಒಂದು ಹನಿ ಬಂದಿಲ್ಲ."

"ಬಂದಿದೆ ಸರ್. ವಾಪಸ್ ಹೋಗಿಲ್ಲ ಅಷ್ಟೆ."

ಅಧ್ಯಕ್ಷರಿಗೆ ಇದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ತಿಳಿಯದ್ದನ್ನೆಲ್ಲ ಹೊಗಳಿಕೆ ಎಂದುಕೊಳ್ಳುವುದು ಅವರ ಆರೋಗ್ಯದ ಗುಟ್ಟಾಗಿತ್ತು. ತಲೆದೂಗಿ ಹೋದರು.

ಮರುದಿನ ಅಕ್ಕ ತುಕ್ಕು ಕೆರೆದು, ಉಜ್ಜಿ, ತುಕ್ಕು ತಡೆಯುವ ಬಣ್ಣ ಬಳಿದರು. ಅದು ಒಣಗಲು ಸಂಜೆಯಾಗಬೇಕು. ಕೆಳಗಿನ ಕ್ಲಿಪ್ಪುಗಳಲ್ಲಿ ಏಳು ಕರಗಿಹೋಗಿದ್ದವು. ಅಂಥವು ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ; ಗುಜರಿಯಲ್ಲಿ ಬಿದ್ದ ಕಾರುಗಳಿಂದ ಕಿತ್ತು ತರಬೇಕು. ಗುಜರಿ ಊರಿನ ಇನ್ನೊಂದು ತುದಿಯಲ್ಲಿ. ಬಸ್ಸು ಹಿಡಿದು ಹೋಗಿ, ಇಲಿ ಮರಿ ಹಾಕಿದ್ದ ಬೇರೆ ಮಾದರಿಯ ಒಂದು ಕಾರಿನ ಗಾಜಿನ ಅಂಚಿನಿಂದ ಎಂಟು ಕ್ಲಿಪ್ಪು ಬಿಡಿಸಿಕೊಂಡು, ಕೈಯನ್ನು ಮೈಗೆ ತಾಗಿಸದೆ ದೂರ ಹಿಡಿದು ವಾಪಸಾದಾಗ ಮಧ್ಯಾಹ್ನ ಮೂರು ಗಂಟೆ. ಶೆಡ್ಡಿನಲ್ಲಿ ಅಧ್ಯಕ್ಷರು ಅಂಗಿಯ ತೋಳು ಮಡಚಿಕೊಂಡು ನಿಂತಿದ್ದರು. ಕೈಯಲ್ಲಿ ಮರದ ಸುತ್ತಿಗೆ.

"ಬನ್ನಿ ಅಮ್ಮಾ, ನಿಮ್ಮ ಒಂದು ತಲೆನೋವು ಕಳೆದಿದ್ದೀನಿ. ಮೇಲಿನ ಬೀಡಿಂಗು ಡೊಂಕಾಗಿತ್ತು. ನೀವು ತೆಗೆಯೋವಾಗ ಬಗ್ಗಿರಬೇಕು. ಪರವಾಗಿಲ್ಲ, ನಾನು ಯಾರಿಗೂ ಹೇಳಲ್ಲ."

ಈ ಬೀಡಿಂಗಿನ ವಿಷಯ ಹೀಗೆ. ಗಾಜು ಚಪ್ಪಟೆಯಲ್ಲ, ಅದು ಮಧ್ಯದಲ್ಲಿ ಮುಂದಕ್ಕೆ ಉಬ್ಬಿ, ಎರಡೂ ಬದಿಗೆ ಹಿಂದಕ್ಕೆ ಬಾಗುತ್ತದೆ. ಕಾರಿನ ಚಾವಣಿಯೂ ನಡುವೆ ಮೇಲೆದ್ದು ಬದಿಗೆ ಇಳಿಯುತ್ತದೆ. ಹಾಗಾಗಿ ಮೇಲಿನ ಪಟ್ಟಿಗೆ ಎರಡು ದಿಕ್ಕಿನ ಬಾಗು. ಮೇಜಿನ ಮೇಲೆ ಇಟ್ಟರೆ ತೊಟ್ಟಿಲಿನಂತೆ ಓಲಾಡುತ್ತದೆ. ಅದು ಡೊಂಕಲ್ಲ, ಅದೇ ಅದರ ರೂಪ. ಅಧ್ಯಕ್ಷರು ಆ ರೂಪವನ್ನು ಎರಡು ಗಂಟೆ ಹೊತ್ತು, ಕಬ್ಬಿಣದ ಹಲಗೆಯ ಮೇಲಿಟ್ಟು, ಹೊಡೆದು ತೆಗೆದಿದ್ದರು. ಅಕ್ಕ ಪಟ್ಟಿಯನ್ನು ಎತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ಶಾಲೆಯ ಅಡಿಕೋಲು. ನಾಯಿ ಬಾಲಕ್ಕೆ ದಬ್ಬೆ ಕಟ್ಟಿ ಸೋತವರ ಸಂಗತಿ ಲೋಕಕ್ಕೆಲ್ಲ ಗೊತ್ತು. ಗೆದ್ದವರನ್ನು ಅವರು ಮೊದಲ ಸಲ ನೋಡುತ್ತಿದ್ದರು. ಸಾಲದ್ದಕ್ಕೆ ಅಧ್ಯಕ್ಷರು ಅದೇ ಕರ್ಚೀಫಿನಿಂದ, ಎಂಜಲು ಹಾಕಿ, ಹೊಳಪನ್ನೂ ಕೊಟ್ಟಿದ್ದರು.

ಅಕ್ಕ ತಮ್ಮನ ಕಡೆ ತಿರುಗಿದರು.

"ಇವರು ಹೊಡೀತಾ ಇದ್ದಾಗ ನೀನೆಲ್ಲಿದ್ದೆ?"

"ಇನ್ನೊಂದು ತುದಿ ಹಿಡಕೊಂಡಿದ್ದೆ," ಎಂದ ತಮ್ಮ.

ಅಧ್ಯಕ್ಷರು ಕೈ ತೊಳೆದು, ನಾಳೆ ಸಂಜೆ ಐದಕ್ಕೆ ಬಂದು ಕಾರು ಒಯ್ಯುತ್ತೇನೆ ಎಂದು ಹೇಳಿ ಹೊರಟರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ಪಟ್ಟಿಯನ್ನು ಗಾಜಿನ ಮೇಲಂಚಿಗೆ ಹಿಡಿದರು. ನಡುವೆ ತಾಗಿತು, ಎರಡು ತುದಿಗಳೂ ನಾಲ್ಕು ನಾಲ್ಕು ಬೆರಳು ದೂರದಲ್ಲಿ ಗಾಳಿಯಲ್ಲಿ ನಿಂತವು, ಜಗಳವಾಡಿ ಬೆನ್ನು ತಿರುಗಿಸಿದ ಗಂಡಹೆಂಡಿರಂತೆ. ಈ ಮಾದರಿಯ ಇನ್ನೊಂದು ಪಟ್ಟಿ ಗುಜರಿಯಲ್ಲೂ ಇಲ್ಲ. ಅವರು ಈಗಷ್ಟೇ ನೋಡಿ ಬಂದಿದ್ದರು.

ತಮ್ಮ ತಲೆ ಕೆರೆದುಕೊಂಡು ತನ್ನ ಉಪಾಯ ಹೇಳಿದ. ಎರಡೂ ತುದಿಗೆ ಸಿಲಿಕಾನ್ ತುಂಬಿಸಿ, ಒತ್ತಿ, ರಾತ್ರಿಯೆಲ್ಲ ಟೇಪು ಹಾಕಿ ಬಿಡೋಣ. ಭಾನುವಾರ ಮಧ್ಯಾಹ್ನದವರೆಗೆ ನಿಂತರೆ ಸಾಕು. ಹತ್ತು ಕಾರು ಬರುತ್ತವೆ, ನಿನ್ನ ಮೇಜು ಉಳಿಯುತ್ತದೆ. ಅಧ್ಯಕ್ಷರಿಗೂ ಸಿಲಿಕಾನ್ ಅಂದರೆ ಇಷ್ಟವೇ ತಾನೆ.

ಅಕ್ಕನಿಗೆ ಅರೆಗಳಿಗೆ ಆ ಉಪಾಯ ಒಳ್ಳೆಯದೆನಿಸಿತು ಎಂಬುದನ್ನು ಮುಚ್ಚಿಡಬೇಕಿಲ್ಲ. ಮೇಜು ಅವರಿಗೂ ಬೇಕಿತ್ತು. ಒಂದು ಟ್ಯೂಬು, ಒಂದು ಟೇಪು, ಅಷ್ಟೇ. ಹಾಗೆ ಅನಿಸಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಮೂಲೆಯಲ್ಲಿ ಇಟ್ಟಿದ್ದ ತಗಡಿನ ಡಬ್ಬಿ ತಂದು ತಮ್ಮನ ಟೀ ಲೋಟದ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದರು. ಗುರುವಾರ ಕಿತ್ತ ಅಂಟು, ಹುಳುವಿನ ಸಮೇತ.

"ಮೂಸು. ಮೂಸಿ ಆಮೇಲೆ ಹೇಳು, ಹಚ್ಚೋಣ."

ತಮ್ಮ ಮೂಸಿದ. ಎದ್ದು ಟೀಯನ್ನು ಹೊರಗೆ ಚೆಲ್ಲಿ ಬಂದ.

ಶನಿವಾರ ಬೆಳಿಗ್ಗೆ ಅಕ್ಕ ದಪ್ಪ ಕಾಗದವನ್ನು ಗಾಜಿನ ಅಂಚಿಗೆ ಹಿಡಿದು ಬಾಗನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ಕತ್ತರಿಸಿದ ಆ ಕಾಗದವೇ ಅಳತೆ. ಗಾಜಿನ ಮೇಲೆಯೇ ಪಟ್ಟಿಯನ್ನು ಬಗ್ಗಿಸಹೋದರೆ ಗಾಜು ಬಿರಿಯುತ್ತದೆ. ಒಂದು ಚೀಲಕ್ಕೆ ಮರಳು ತುಂಬಿ, ಅದರ ಮೇಲೆ ಪಟ್ಟಿಯನ್ನು ಬೋರಲು ಹಾಕಿ, ಮಡಿಕೆ ಬೀಳದಿರಲಿ ಎಂದು ಒಳಮೈಗೆ ಹಗ್ಗ ತುಂಬಿ, ನಡುವಿನಿಂದ ಶುರು ಮಾಡಿದರು. ಎರಡು ಹೆಬ್ಬೆರಳು ಇಟ್ಟು ಒತ್ತುವುದು, ಎರಡು ಬೆರಳಷ್ಟು ಸರಿಯುವುದು, ಮತ್ತೆ ಒತ್ತುವುದು. ಸ್ಟೀಲು ಮಹಾ ಮೊಂಡು. ಬಗ್ಗಿಸಿದಷ್ಟೂ ಬಗ್ಗಿ, ಕೈ ತೆಗೆದ ಕೂಡಲೇ ಅರ್ಧ ವಾಪಸು ಬರುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಒಂಚೂರು ಹೆಚ್ಚು ಬಗ್ಗಿಸಬೇಕು. ಆ ಒಂಚೂರು ಎಷ್ಟು ಎಂಬುದನ್ನು ಯಾವ ಕಾಗದವೂ ಹೇಳುವುದಿಲ್ಲ. ಪ್ರತಿ ಒತ್ತಿಗೂ ಪಟ್ಟಿಯ ಮೇಲಿನ ಒಣಗಿದ ಎಂಜಲಿನ ಹೊಳಪು ಕಣ್ಣಿಗೆ ಹೊಡೆಯುತ್ತಿತ್ತು. ಮೂರು ಸಲ ಸೋಪಿನಲ್ಲಿ ತೊಳೆದಿದ್ದರು. ಆದರೂ ಇದೆ ಎಂದೇ ಅವರಿಗೆ ಅನಿಸುತ್ತಿತ್ತು.

ಹನ್ನೊಂದು ಗಂಟೆಗೆ ನಾಲ್ಕು ಬೆರಳಿನ ಅಂತರ ಎರಡಾಯಿತು. ಒಂದು ಗಂಟೆಗೆ ಒಂದು. ಸುತ್ತಿಗೆ ಬಿದ್ದ ಮೂರು ಜಾಗಗಳಲ್ಲಿ ಪಟ್ಟಿ ಚಪ್ಪಟೆಯಾಗಿ, ಬಾಗಲು ಒಪ್ಪುತ್ತಿರಲಿಲ್ಲ. ಎರಡನ್ನು ಒಪ್ಪಿಸಿದರು. ಮೂರನೆಯದು, ಎಡ ಮೂಲೆಯ ಹತ್ತಿರದ್ದು, ಮುಕ್ಕಾಲು ಒಪ್ಪಿ ಅಲ್ಲೇ ನಿಂತಿತು. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲೊಂದು ಅಲೆ. ಇನ್ನು ಒತ್ತಿದರೆ ಮುರಿಯುತ್ತದೆ. ಅಕ್ಕ ಆ ಅಲೆಯನ್ನು ದಿಟ್ಟಿಸಿ ನೋಡಿ, ಹಗ್ಗ ಬಿಚ್ಚಿದರು. ಹೆಬ್ಬೆರಳುಗಳು ಊದಿ, ಅಪ್ಪನ ಬೆರಳಿನಷ್ಟೇ ದಪ್ಪವಾಗಿದ್ದವು.

ಮೂರೂವರೆಗೆ ಕ್ಲಿಪ್ಪುಗಳು ಕೂತವು. ಸೋಪಿನ ನೀರು ಹಚ್ಚಿ, ಮೊದಲು ಕೆಳಗಿನದು, ಆಮೇಲೆ ಪಕ್ಕದ ಎರಡು, ಕೊನೆಗೆ ಮೇಲಿನದು. ನಡುವೆ ಅಂಗೈ ಇಟ್ಟು, ಎರಡೂ ಬದಿಗೆ ಸರಿಯುತ್ತ ಒತ್ತಿದರು. ಟಕ್, ಟಕ್, ಟಕ್ ಎಂದು ಒಂದೊಂದೇ ಕ್ಲಿಪ್ಪು ಹಿಡಿಯುತ್ತ ಹೋಯಿತು. ತಮ್ಮ ಬಾಯಲ್ಲೇ ಎಣಿಸುತ್ತಿದ್ದ. ಎಡ ತುದಿಯ ಕೊನೆಯದು ಸುಮ್ಮನಿತ್ತು. ಅಕ್ಕ ಇನ್ನೊಮ್ಮೆ ಒತ್ತಿದರು. ಅದೂ ಟಕ್ ಎಂದಿತು. ತಮ್ಮ ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂತ.

ಐದಕ್ಕೆ ಸರಿಯಾಗಿ ಅಧ್ಯಕ್ಷರು ಬಂದರು, ಭಾನುವಾರದ ಕೋಟನ್ನು ಶನಿವಾರವೇ ತೊಟ್ಟು. ಹಿಂದೆ ಇಬ್ಬರು ಉಪಾಧ್ಯಕ್ಷರು, ಅವರ ಹಿಂದೆ ಆ ಸಾಮಾನ್ಯ ಸದಸ್ಯ, ಎಲ್ಲರ ಛತ್ರಿಗಳನ್ನು ಹಿಡಿದು. ನೀರು ಹಾಯಿಸಿ ತೋರಿಸುವುದು ಅಂಗಡಿಯ ಪದ್ಧತಿ. ತಮ್ಮ ಒಳಗೆ ಕೂತು ಟಾರ್ಚು ಬಿಟ್ಟು ನೋಡುತ್ತಾನೆ. ಈ ಸಲ ಅಧ್ಯಕ್ಷರೇ ಒಳಗೆ ಕೂರುತ್ತೇನೆ ಎಂದರು. ಬೀಳುವುದಿದ್ದರೆ ನನ್ನ ಮೇಲೆಯೇ ಬೀಳಲಿ ಎಂದು, ಹಡಗಿನೊಡನೆ ಮುಳುಗಲು ಸಿದ್ಧನಾದ ಕಪ್ತಾನನಂತೆ ಕೂತರು. ಅಕ್ಕ ನೀರಿನ ಪೈಪು ಹಿಡಿದು ಹತ್ತು ನಿಮಿಷ ಬಿಟ್ಟರು. ಮೂರು ದಿನದಲ್ಲಿ ಅವರ ಮುಖ ಸಡಿಲವಾದದ್ದು ಆ ಹತ್ತು ನಿಮಿಷ ಮಾತ್ರ.

ಒಳಗಿನಿಂದ ಅಧ್ಯಕ್ಷರು ಒದ್ದೆ ತೋಳು ಎತ್ತಿ ತೋರಿಸಿದರು. ಉಪಾಧ್ಯಕ್ಷರ ಮುಖ ಗಂಭೀರವಾಯಿತು. ತಮ್ಮನ ಮುಖ ಬಿಳಿಚಿತು. ಅಕ್ಕ ಪೈಪು ಕೆಳಗಿಟ್ಟು, ಹೋಗಿ, ಅಧ್ಯಕ್ಷರು ಪೂರ್ತಿ ಏರಿಸದೆ ಬಿಟ್ಟಿದ್ದ ಪಕ್ಕದ ಕಿಟಕಿಯನ್ನು ಬೆರಳಲ್ಲಿ ತಟ್ಟಿದರು. ಗಾಜಿನ ಒಳ ಅಂಚಿನುದ್ದಕ್ಕೂ ತಮ್ಮ ಕಾಗದ ಒತ್ತಿ ನೋಡಿದ. ಕಾಗದ ಗರಿಗರಿಯಾಗಿತ್ತು. ಉಪಾಧ್ಯಕ್ಷರಲ್ಲಿ ಒಬ್ಬರು ತಮ್ಮ ಕಾರನ್ನು ಮಂಗಳವಾರ ತರಬಹುದೇ ಎಂದು ಕೇಳಿದರು. ಇನ್ನೊಬ್ಬರು ತಾನು ಸೋಮವಾರವೇ ಎಂದರು. ಎಡ ಮೂಲೆಯ ಅಲೆಯನ್ನು ನೋಡಿದವನು ಸಾಮಾನ್ಯ ಸದಸ್ಯ ಒಬ್ಬನೇ. ಅವನು ಅಕ್ಕನ ಮುಖವನ್ನೂ ನೋಡಿ, ಛತ್ರಿಗಳ ಸಮೇತ ಆ ಮೂಲೆಗೆ ಅಡ್ಡವಾಗಿ ನಿಂತ.

ಅಧ್ಯಕ್ಷರು ಕಾರಿನ ಸುತ್ತ ಎರಡು ಸುತ್ತು ಹಾಕಿದರು. ಮೇಲಿನ ಪಟ್ಟಿಯ ಮೇಲೆ ಬೆರಳಾಡಿಸಿದರು. ಬೆರಳಿನ ಗುರುತು ಬಿತ್ತು. ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡರು.

"ಅಂತೂ ನಾನು ಮೊದಲೇ ನೇರ ಮಾಡಿಕೊಟ್ಟಿದ್ದು ನಿಮಗೆ ಅರ್ಧ ಕೆಲಸ ಉಳಿಸಿತು, ಅಲ್ವೇನಮ್ಮಾ?"

ಅವರ ಬೆನ್ನ ಹಿಂದೆ ನಿಂತು ತಮ್ಮ ಅಕ್ಕನಿಗೆ ಹೌದೆನ್ನು, ಹೌದೆನ್ನು ಎಂದು ತಲೆಯಾಡಿಸುತ್ತಿದ್ದ. ಹತ್ತು ಕಾರು, ಒಂದು ಮೇಜು. ಒಂದು ಮಾತಿನ ಖರ್ಚು. ಅಕ್ಕ ಬಟ್ಟೆ ತೆಗೆದುಕೊಂಡು ಆ ಬೆರಳಿನ ಗುರುತನ್ನು ಒರೆಸಿದರು. ಮೂಗಿನ ಎಡಗಡೆಯ ಸುಕ್ಕು ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು.

"ಇಲ್ಲ ಸರ್. ಒಂದೂವರೆ ದಿನದ ಕೆಲಸ ಮೂರು ದಿನ ಆಯ್ತು. ಉಳಿದ ಹತ್ತು ಕಾರು ಕಳಿಸಿ, ಮಾಡಿಕೊಡ್ತೀನಿ. ಓನರ್‌ಗಳು ಮನೇಲೇ ಇರಲಿ."